ಅಳೆದ ಅಂಶಕ್ಕೆ ಹೆಸರೂ ಮಾನವೂ ಅವಶ್ಯಕ

ಮಳೆ, ಬೆಳೆ, ಉಷ್ಣತೆ ಮುಂತಾದವುಗಳ ಲೆಕ್ಕಗಳು ಈಗ ಕಂಪ್ಯೂಟರಿನ ಮೂಲಕ ಪರಿಶೀಲಿಸಲ್ಪಡುತ್ತಿರುವುದು ಗ್ರಾಮಮುಖ್ಯರಿಗೂ ಭೂಮಾಲೀಕರಿಗೂ ತಿಳಿದ ಸಂಗತಿಯೇ ಆಗಿದೆ. 2016ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಕಟಾವು ಪ್ರಯೋಗಗಳ ಇಳುವರಿಯೂ, ಹವಾಮಾನಾಧಾರಿತ ಬೆಳೆ ವಿಮೆಯಲ್ಲಿ ಮಳೆಯ ಅಳತೆಯೂ ಪರಿಹಾರಕ್ಕೆ ಆಧಾರಗಳಾಗಿವೆ. ಆದಕಾರಣ ತಖ್ತೆಯಲ್ಲಿನ ಒಂದು ಅಂಕಿಯ ಅರ್ಥವು ಕೆಟ್ಟರೆ ರೈತನಿಗೆ ಸಲ್ಲತಕ್ಕ ಹಣಕ್ಕೇ ಬಾಧಕವುಂಟಾಗುತ್ತದೆ.

ಮಳೆಯ ತಖ್ತೆಗಳಲ್ಲಿ ವರ್ಷಕ್ಕೊಂದು ಸಾಲು, ತಿಂಗಳಿಗೊಂದು ಅಂಕಣ ಇರುವುದು ವಾಡಿಕೆ. ಇದು ಓದುವ ಕಣ್ಣಿಗೆ ಅನುಕೂಲವಾದರೂ ಕಂಪ್ಯೂಟರಿನ ಗಣನೆಗೆ ತೊಡಕು. ಹ್ಯಾಡ್ಲಿ ವಿಕ್‌ಹ್ಯಾಂ ಎಂಬ ಸಂಖ್ಯಾಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದೊಂದು ಅಂಶಕ್ಕೆ ಒಂದೊಂದು ಅಂಕಣವೂ ಒಂದೊಂದು ವೀಕ್ಷಣೆಗೆ ಒಂದೊಂದು ಸಾಲೂ ಇರತಕ್ಕದ್ದೆಂದೂ, ಮೊದಲೇ ಗೊತ್ತಾಗಿರುವ ಅಂಶಗಳು ಬೇರೆ, ಅಳೆದು ತಿಳಿದ ಅಂಶಗಳು ಬೇರೆ ಎಂದೂ ವಿವರಿಸಿರುತ್ತಾರೆ. ಸ್ಥಳ, ವರ್ಷ, ತಿಂಗಳು ಇವು ಮೊದಲನೆಯ ವರ್ಗಕ್ಕೂ, ಮಳೆಯ ಪ್ರಮಾಣವು ಎರಡನೆಯ ವರ್ಗಕ್ಕೂ ಸೇರುತ್ತವೆ. ಈ ಕ್ರಮದಲ್ಲಿ 30 ವರ್ಷಗಳ ತಖ್ತೆಯು ತಿಂಗಳಿಗೊಂದರಂತೆ 360 ಸಾಲುಗಳಾಗಿ ಮಾರ್ಪಡುತ್ತದೆ.

ಈ ಮಾರ್ಪಾಟನ್ನು ಕೋಡ್ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ಪೈಥಾನ್ ಭಾಷೆಯ ಪಾಂಡಾಸ್‌ನಲ್ಲಾಗಲಿ, ಆರ್ ಭಾಷೆಯ ಟೈಡಿಆರ್‌ನಲ್ಲಾಗಲಿ, ಕೋಡ್ ಬರೆಯುವವರು ಬೇರೆ ಹೆಸರನ್ನು ಕೊಡದಿದ್ದ ಪಕ್ಷದಲ್ಲಿ ಅಂಕಿಗಳ ಅಂಕಣಕ್ಕೆ ‘ವ್ಯಾಲ್ಯೂ’, ಎಂದರೆ ‘ಮೌಲ್ಯ’, ಎಂಬ ಶಿರೋನಾಮೆ ಮಾತ್ರ ಬೀಳುತ್ತದೆ. ಅಳೆದುದು ಏನು, ಯಾವ ಮಾನದಲ್ಲಿ ಎಂಬುದು ಅದರಿಂದ ತಿಳಿಯದು. ಹಳೆಯ ಪುಸ್ತಕದ ಮಳೆ ಅಂಗುಲದಲ್ಲಿಯೂ ಹೊಸದು ಮಿಲಿಮೀಟರಿನಲ್ಲಿಯೂ ಇದ್ದರೆ 25.4 ಪಟ್ಟು ವ್ಯತ್ಯಾಸ. ಹೆಕ್ಟೇರಿಗೆ 20 ಕ್ವಿಂಟಾಲ್ ಎಂದರೆ ಎಕರೆಗೆ ಸುಮಾರು 8 ಕ್ವಿಂಟಾಲ್ ಮಾತ್ರ. 20ನ್ನೇ ಎಕರೆಯ ಲೆಕ್ಕವೆಂದು ಓದಿದರೆ ನಷ್ಟವಾದ ಬೆಳೆಯೂ ಸಮೃದ್ಧವಾಗಿ ತೋರುತ್ತದೆ. ಅಳತೆ ತೆಗೆಯದ ದಿನದ ಖಾಲಿ ಸ್ಥಳದಲ್ಲಿ ಸೊನ್ನೆ ತುಂಬಿದರೆ ಮಳೆ ಬಿದ್ದ ದಿನವೂ ಒಣದಿನವೆನಿಸುತ್ತದೆ. ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8-30ಕ್ಕೆ ಅಳೆದ ಮಳೆಯು ಹಿಂದಿನ 24 ಗಂಟೆಗಳದು. ಇದನ್ನು ನಮೂದಿಸದಿದ್ದರೆ ನಿನ್ನೆಯ ಸಂಜೆಯ ಮಳೆಯು ಇಂದು ಸುರಿದದ್ದೆಂದು ಭ್ರಮೆಯಾಗುವುದು.

ಇದು ಕಂಪ್ಯೂಟರ್ ಬಲ್ಲವರ ಕೆಲಸ, ಊರಿನವರಿಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕೋಡ್ ಬರೆಯುವವರು ದೂರದ ಕಚೇರಿಯಲ್ಲಿರುತ್ತಾರೆ. ಭತ್ತವನ್ನು ಹಸಿಯಾಗಿದ್ದಾಗ ತೂಗಿದರೋ ಒಣಗಿದ ಮೇಲೆ ತೂಗಿದರೋ ಎಂಬುದು ಕಣದಲ್ಲಿ ನಿಂತಿದ್ದವರಿಗೆ ಮಾತ್ರ ಗೊತ್ತು. ಅಲ್ಲಿ ಬರೆಯದೆ ಬಿಟ್ಟ ಸಂಗತಿಯನ್ನು ಯಾವ ಕೋಡೂ ಆಮೇಲೆ ಹುಡುಕಿ ತರಲಾರದು.

ಆದುದರಿಂದ ಪ್ರತಿಯೊಂದು ತಖ್ತೆಯ ಸಂಗಡ ಒಂದು ವಿವರಣಪಟ್ಟಿ ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಅಳೆದ ಅಂಶದ ಪೂರ್ಣ ಹೆಸರು, ಮಾನ, ಅಳೆದ ಸಾಧನ, ಅಳೆದ ಹೊತ್ತು ಮತ್ತು ಸ್ಥಿತಿ, ಅಳತೆಯಿಲ್ಲದ ಕಡೆ ಹಾಕಿದ ಗುರುತು, ಈ ಐದು ಬಾಬುಗಳಿದ್ದರೆ ಸಾಕು. ತಖ್ತೆಯನ್ನು ಮಾರ್ಪಡಿಸುವವರು ‘ಮೌಲ್ಯ’ ಎಂಬುದನ್ನು ತೆಗೆದು ‘ಮಳೆ, ಮಿಲಿಮೀಟರ್’ ಎಂದೇ ಶಿರೋನಾಮೆ ಕೊಡತಕ್ಕದ್ದು. ಗ್ರಾಮಮುಖ್ಯರು ತಮ್ಮ ಊರಿನ ಅಂಕಿಗಳು ಪ್ರಕಟವಾದಾಗ ಈ ಪಟ್ಟಿಯನ್ನು ಕೇಳಿ ಪಡೆಯಬೇಕು. ಭೂಮಾಲೀಕರು ಜಮೀನಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿಯೇ ಇದನ್ನು ಬರೆದಿಡಬೇಕು. ಮುಂಗಾರಿನ ಲೆಕ್ಕವನ್ನು ಬರೆಯಲಾರಂಭಿಸುವಾಗಲೇ ಈ ಪದ್ಧತಿಯನ್ನು ಆಚರಣೆಗೆ ತರುವುದು ಯುಕ್ತ.