ಶಾರ್ಕ್ ಮೀನೂ ಸೋರೆಯ ಬುರುಡೆಯೂ



ಕೃಷ್ಣಾತೀರದಲ್ಲಿ ಹುಟ್ಟಿದವನಿಗೆ ನೀರಿನ ಮಾತು ಹೊಸದಲ್ಲ. ಅಥಣಿ ತಾಲೂಕಿನ ಸತ್ತಿಯೆಂಬ ನಮ್ಮ ಗ್ರಾಮಕ್ಕೆ ಹೊಳೆಯೇ ಜೀವಾಳವು. ಕಬ್ಬಿನ ಹೊಲಗಳಿಗೆ ನೀರು ಬರುವದು ಅಲ್ಲಿಂದಲೇ; ೨೦೧೯ರ ಆಗಸ್ಟ್ ತಿಂಗಳಲ್ಲಿ ಮಹಾಪೂರವು ಬಂದು ತಾಲೂಕಿನ ನದೀತೀರದ ಜನರು ಮನೆಮಾರು ಬಿಟ್ಟು ಹೋಗಬೇಕಾದದ್ದೂ ಆ ಹೊಳೆಯಿಂದಲೇ. ಅದರ ಮಡುಗಳಲ್ಲಿ ಮೊಸಳೆಗಳುಂಟೆಂಬದನ್ನು ನಮ್ಮ ಕಡೆಯ ಚಿಕ್ಕ ಕೂಸೂ ಬಲ್ಲದು. ಇಂಥ ಊರಿನವರಾದ ನಾವು ಎಂದೂ ಕಾಣದ ಸಮುದ್ರದ ಮೀನೊಂದಕ್ಕೆ ಅಂಜಿ ಮನೆಯಲ್ಲಿ ಎಂಟು ದಿನ ವಾದ ಹೂಡಿದೆವೆಂದರೆ ತಾವು ನಕ್ಕೀರಿ. ಆದರೆ ಆ ವಾದದಿಂದಲೇ ನನ್ನ ಮನೆಯ ತಪ್ಪೊಂದು ನನಗೆ ತಿಳಿಯಿತು. ಅದು ಇತರ ಮನೆಗಳಲ್ಲಿಯೂ ಇರಬಹುದೆಂದು ಈ ತಿಂಗಳು ಅದನ್ನೇ ಬರೆಯುವೆನು.

ದೀಪಾವಳಿಯ ಸೂಟಿಯಲ್ಲಿ ಮಕ್ಕಳಿಗೆ ಸಮುದ್ರವನ್ನು ತೋರಿಸಬೇಕೆಂದು ನಿಶ್ಚಯಿಸಿದ್ದೆವು. ಮುರುಡೇಶ್ವರಕ್ಕೆ ಹೋಗುವದೆಂದು ಗೊತ್ತಾಯಿತು. ಆಗ ಹನ್ನೆರಡು ವರ್ಷದ ನನ್ನ ಮಗನು, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿಯೆಂಬ ದ್ವೀಪಕ್ಕೆ ಹೋಗಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನ ಕೆಳಗೆ ಇಳಿಯಬಹುದೆಂದೂ, ದೈವವಿದ್ದರೆ ಶಾರ್ಕ್ ಮೀನನ್ನು ಕಣ್ಣಾರೆ ಕಾಣಬಹುದೆಂದೂ ಎಲ್ಲಿಯೋ ಕೇಳಿಕೊಂಡು ಬಂದನು. ಹದಿನೈದು ವರ್ಷದ ಮಗಳೂ ಅವನ ಜೊತೆಗೆ ಹಟ ಹಿಡಿದಳು. ಸಿನೇಮದ ಶಾರ್ಕನ್ನು ಟೆಲಿವಿಜನ್ನಿನಲ್ಲಿ ಕಂಡಿದ್ದ ನನ್ನ ತಾಯಿಯವರು ಜಪಮಾಲೆಯನ್ನು ಕೆಳಗಿಟ್ಟು, “ಏನಪಾ, ಕೂಸುಗಳನ್ನ ಮೀನಿನ ಬಾಯಾಗ ಹಾಕಾಕ ಕರಕೊಂಡ ಹೊಂಟೀಯೇನು?” ಎಂದು ಕೇಳಿದರು.

ಅವರ ಅಂಜಿಕೆಗೆ ಕಾರಣವಿತ್ತು. ಅವರ ತಮ್ಮನು ಹದಿನಾರು ವರ್ಷದವನಿರುವಾಗ ಎತ್ತುಗಳ ಮೈ ತೊಳೆಯಲು ಹೊಳೆಗಿಳಿದು ತಿರುಗಿ ಬರಲಿಲ್ಲ. ಅಂದು ಹೊಳೆಗೆ ಪೂರವಿರಲಿಲ್ಲ. ಮೊಸಳೆಯನ್ನು ಕಂಡವರೂ ಇಲ್ಲ. ಮೊಳಕಾಲುಮಟ್ಟದ ನೀರಿನಲ್ಲಿ ನಿಂತವನು ಒಂದೆರಡು ಹೆಜ್ಜೆ ಮುಂದಿಟ್ಟು ಆಳದ ಗುಂಡಿಗೆ ಜಾರಿದನೆಂದು ದಂಡೆಯ ಮೇಲಿದ್ದವರು ಹೇಳಿದರಂತೆ. ಅವನಿಗೆ ಈಸು ಬರುತ್ತಿರಲಿಲ್ಲ. ಅಂದಿನಿಂದ ತಾಯಿಯವರು, ಮನೆಯ ಗಂಡುಮಕ್ಕಳೆಲ್ಲರೂ ಈಸು ಕಲಿಯಲೇಬೇಕು, ಹೆಣ್ಣುಮಕ್ಕಳು ನೀರಿನ ಹತ್ತಿರ ಸುಳಿಯಲೇಬಾರದು ಎಂಬ ನಿಯಮವನ್ನು ಮಾಡಿದರು. ನಾನು ಸೋರೆಯ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತೆನು. ನನ್ನ ಮಗನೂ ಹಾಗೆಯೇ ಕಲಿತನು. ಈ ನಿಯಮದಲ್ಲಿ ತಪ್ಪಿರಬಹುದೆಂದು ನನಗೆ ಒಂದು ದಿನವೂ ತೋರಲಿಲ್ಲ.

ಕೊನೆಗೆ ತಾಯಿಯವರು ಅಪ್ಪಣೆಯನ್ನು ಕೊಟ್ಟರು. ಆದರೆ, “ಈಸ ಬಾರದವರು ನೀರಿಗಿ ಇಳೀಬಾರದು, ನನ್ನ ಮ್ಯಾಲ ಆಣಿ ಮಾಡು” ಎಂದರು. ಆಣೆ ಮಾಡಿ ಹೊರಟೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರೆಬೈಲು ಘಟ್ಟವನ್ನಿಳಿದು, ಅಂಕೋಲೆಯಿಂದ ಕಡಲತೀರದ ದಾರಿ ಹಿಡಿದು ಮುರುಡೇಶ್ವರವನ್ನು ಸೇರಿದೆವು.

ನೇತ್ರಾಣಿಯು ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ನಡುಗಡಲಿನಲ್ಲಿ ತಲೆಯೆತ್ತಿದ ಕಲ್ಲುಗುಡ್ಡವು. ಇಂಗ್ಲಿಷರು ಅದನ್ನು ಪಾರಿವಾಳಗಳ ದ್ವೀಪವೆಂದು ಕರೆದರು. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಅದರ ಬುಡದಲ್ಲಿ ಹವಳದ ಬಂಡೆಗಳಿರುವದರಿಂದ ಬಣ್ಣಬಣ್ಣದ ಮೀನುಗಳ ಸಂತೆಯೇ ನೆರೆದಿರುತ್ತದೆ. ಮಳೆಗಾಲದಲ್ಲಿ ದೋಣಿಗಳು ಹೋಗುವದಿಲ್ಲ. ಮಳೆ ಹಿಂಜರಿದು ಕಡಲು ಶಾಂತವಾದ ಮೇಲೆಯೇ ಹೋಗುವವು.

ನೀರಿಗಿಳಿಯುವ ಮೊದಲು ನಮಗೆ ಪಾಠ ಹೇಳಿದ ತರುಣನ ಮಾತುಗಳನ್ನು ಇಲ್ಲಿ ಬರೆಯುವದು ಉಪಯುಕ್ತವಾದೀತು. ಹತ್ತು ಮೀಟರು ಕೆಳಗೆ ಹೋದರೆ ಮೈಮೇಲಿನ ಒತ್ತಡವು ನೀರಿನ ಮೇಲಿರುವದಕ್ಕಿಂತ ಇಮ್ಮಡಿಯಾಗುತ್ತದೆ. ಆ ಒತ್ತಡವು ಕಿವಿಯ ಪೊರೆಯನ್ನು ಒಳಕ್ಕೆ ಅದುಮುವದರಿಂದ, ಇಳಿಯುವಾಗ ಆಗಾಗ ಮೂಗು ಹಿಡಿದು ಮೆಲ್ಲಗೆ ಉಸಿರನ್ನು ಒತ್ತಿ ಕಿವಿಯನ್ನು ಸಮಮಾಡಿಕೊಳ್ಳಬೇಕು. ಎರಡನೆಯದಾಗಿ, ಉಸಿರನ್ನು ಎಂದೂ ಬಿಗಿಹಿಡಿಯಬಾರದು. ಕೆಳಗೆ ಎಳೆದುಕೊಂಡ ಗಾಳಿಯು ಮೇಲಕ್ಕೆ ಬಂದಂತೆ ಹಿಗ್ಗುವದು. ಬಾಯಿ ಮುಚ್ಚಿಕೊಂಡು ಭರದಿಂದ ಮೇಲೆದ್ದರೆ ಶ್ವಾಸಕೋಶಕ್ಕೆ ಗಾಯವಾದೀತು. ನೆಗಡಿ, ಕಿವಿನೋವು, ಉಬ್ಬಸ, ಹೃದಯದ ಬೇನೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಶಾರ್ಕಿನ ವಿಷಯವನ್ನು ನಾನೇ ಕೇಳಿದೆನು. “ಕಂಡರೆ ಅಲುಗಾಡದೆ ನೋಡಿರಿ. ಬೆನ್ನಟ್ಟಬೇಡಿರಿ, ಮುಟ್ಟಬೇಡಿರಿ” ಎಂದಷ್ಟೇ ಹೇಳಿ ನಕ್ಕನು.

ಈಸು ಬಾರದವರನ್ನೂ ಅಲ್ಲಿ ಒಬ್ಬೊಬ್ಬರಾಗಿ ಕೈಹಿಡಿದು ಇಳಿಸುವ ಪದ್ಧತಿಯಿದೆ. ಆದರೆ ನಾನು ಮಾಡಿದ ಆಣೆಯಿತ್ತು. ಮಗಳು ತನ್ನ ತಾಯಿಯ ಜೊತೆಗೆ ದೋಣಿಯಲ್ಲಿ ಉಳಿದಳು. ಮಗನೂ ನಾನೂ ಇಳಿದೆವು.

ನೀರಿನ ಒಳಗಿನ ನೋಟವನ್ನು ನಾನು ಎಷ್ಟು ಬಣ್ಣಿಸಿದರೂ ಸಾಲದು. ಸದ್ದೆಲ್ಲವೂ ಅಡಗಿ, ನನ್ನ ಉಸಿರಿನ ಗುಳುಗುಳು ಶಬ್ದವೊಂದೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತರುಣನು ನನ್ನ ಭುಜವನ್ನು ತಟ್ಟಿ ಬಂಡೆಯ ಕಡೆಗೆ ಕೈಮಾಡಿ ತೋರಿಸಿದನು. ಮನುಷ್ಯನಿಗಿಂತ ಗಿಡ್ಡವಾದ, ಬೂದಿಬಣ್ಣದ ಮೀನೊಂದು ಬಂಡೆಯ ಮಗ್ಗುಲಿನಿಂದ ಬಂದಿತು. ಅದರ ಈಜುರೆಕ್ಕೆಗಳ ತುದಿಗಳು ಮಸಿಯಲ್ಲಿ ಅದ್ದಿದಂತೆ ಕಪ್ಪಾಗಿದ್ದವು. ನನ್ನ ಎದೆಯು ಡವಡವನೆ ಹೊಡೆದುಕೊಂಡಿತು. ಅದು ನಮ್ಮತ್ತ ಒಂದು ಸಾರೆ ತಿರುಗಿ, ನಮ್ಮಿಂದ ತನಗೇನೂ ಪ್ರಯೋಜನವಿಲ್ಲವೆಂದು ತಿಳಿದಂತೆ ಬಾಲವನ್ನು ಅಲುಗಿಸಿ ನೀಲಿಯಲ್ಲಿ ಮರೆಯಾಯಿತು. ಎಂಟು ದಿನ ನಮ್ಮ ಮನೆಯ ನಿದ್ರೆಯನ್ನು ಕೆಡಿಸಿದ ಪ್ರಾಣಿಯ ದರ್ಶನವು ಹತ್ತು ಕ್ಷಣಗಳಲ್ಲಿ ಮುಗಿಯಿತು.

ಊರಿಗೆ ಬಂದ ಮೇಲೆ ಈ ಮೀನಿನ ವಿಷಯವನ್ನು ಓದಿದೆನು. ಕೊಂಕಣಿಯವರು ಶಾರ್ಕಿಗೆ ಮೋರಿಯೆನ್ನುತ್ತಾರೆ. ನಮ್ಮ ಕಡೆಯಲ್ಲಿ ಮೋರಿಯೆಂದರೆ ಬಚ್ಚಲ ನೀರು ಹರಿಯುವ ದಾರಿಯಾದ್ದರಿಂದ ನನ್ನ ಮಕ್ಕಳಿಗೆ ಇದೊಂದು ನಗೆಯ ಮಾತಾಯಿತು. ಶಾರ್ಕುಗಳಲ್ಲಿ ೫೦೦ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳ ಮೈಯಲ್ಲಿ ಗಟ್ಟಿ ಎಲುಬೆಂಬದೇ ಇಲ್ಲ. ನಮ್ಮ ಕಿವಿಯ ಆಲೆಯಂತೆ ಮೆತ್ತನೆಯ ಮೃದ್ವಸ್ಥಿಯಿಂದ ಅವುಗಳ ಹಂದರವಾಗಿದೆ. ಮನುಷ್ಯರಿಗಾದ ದೊಡ್ಡ ಗಾಯಗಳಲ್ಲಿ ಬಹುಪಾಲು ಬಿಳಿ ಶಾರ್ಕ್, ಹುಲಿ ಶಾರ್ಕ್, ಗೂಳಿ ಶಾರ್ಕ್ ಎಂಬ ಮೂರೇ ಜಾತಿಗಳಿಂದ ಆದವು. ನಾವು ಕಂಡ ಕರಿತುದಿಯ ಜಾತಿಯು ಸಾಮಾನ್ಯವಾಗಿ ಮನುಷ್ಯನನ್ನು ಕಂಡು ದೂರ ಸರಿಯುವಂಥದು.

ಅಮೇರಿಕೆಯ ಫ್ಲೋರಿಡಾ ವಿಶ್ವವಿದ್ಯಾಲಯದವರು ಜಗತ್ತಿನಲ್ಲಿ ಶಾರ್ಕ್ ಕಚ್ಚಿದ ಪ್ರಸಂಗಗಳ ದಫ್ತರವನ್ನು ಇಟ್ಟಿದ್ದಾರೆ. ಅದರಂತೆ ೨೦೨೪ರಲ್ಲಿ, ಮನುಷ್ಯನು ತಾನಾಗಿ ಕೆಣಕದೆ ಇದ್ದಾಗ ಶಾರ್ಕ್ ಕಚ್ಚಿದ ಪ್ರಸಂಗಗಳು ಇಡೀ ಜಗತ್ತಿನಲ್ಲಿ ೪೭. ಅವುಗಳಲ್ಲಿ ಸತ್ತವರು ನಾಲ್ವರು. ಮನುಷ್ಯರೋ ವರ್ಷಕ್ಕೆ ಸುಮಾರು ೧೦ ಕೋಟಿ ಶಾರ್ಕುಗಳನ್ನು ಕೊಲ್ಲುತ್ತಾರೆಂದು ೨೦೧೩ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಯಾರು ಯಾರಿಗೆ ಅಂಜಬೇಕೆಂಬದನ್ನು ತಾವೇ ಎಣಿಸಿರಿ.

ಈ ಕುಲದಲ್ಲಿ ಎಲ್ಲಕ್ಕೂ ದೊಡ್ಡದು ತಿಮಿಂಗಿಲ ಶಾರ್ಕ್. ೧೨ ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲ ಈ ಮೀನು ನೀರನ್ನು ಸೋಸಿ ಸಣ್ಣ ಸಣ್ಣ ಜೀವಿಗಳನ್ನು ಉಣ್ಣುವ ಸಾಧುಪ್ರಾಣಿ. ಗುಜರಾತದ ಕಡಲಿನಲ್ಲಿ ಇದನ್ನು ಎಣ್ಣೆಗಾಗಿಯೂ ಮಾಂಸಕ್ಕಾಗಿಯೂ ಕೊಲ್ಲುತ್ತಿದ್ದರು. ೨೦೦೧ರಲ್ಲಿ ಸರಕಾರವು ಕಾಯಿದೆಯಿಂದ ಅದಕ್ಕೆ ರಕ್ಷಣೆಯನ್ನು ಕೊಟ್ಟಿತು. ಆದರೆ ಕಾಯಿದೆಗಿಂತ ಹೆಚ್ಚಿನ ಕೆಲಸವನ್ನು ಒಂದು ಮಾತು ಮಾಡಿತು. ೨೦೦೪ರಲ್ಲಿ ಆರಂಭವಾದ ಚಳವಳಿಯಲ್ಲಿ ರಾಮಕಥಾಕಾರರಾದ ಮೊರಾರಿ ಬಾಪು ಅವರು, ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳಂತೆಂದು ಜನರಿಗೆ ಹೇಳಿದರು. ಬೆಸ್ತರು ಅದಕ್ಕೆ ‘ವ್ಹಾಲಿ’, ಅಂದರೆ ‘ಪ್ರೀತಿಯವಳು’ ಎಂದು ಹೆಸರಿಟ್ಟು, ಬಲೆಗೆ ಬಿದ್ದರೆ ಬಲೆಯನ್ನು ಕೊಯ್ದು ಬಿಡಹತ್ತಿದರು. ಬಲೆಯ ನಷ್ಟವನ್ನು ಸರಕಾರವು ತುಂಬಿಕೊಡುತ್ತದೆ. ಮಗಳೆಂದ ಮೇಲೆ ಕೊಲ್ಲುವ ಕೈಗಳು ಹೇಗೆ ಎದ್ದಾವು?

ಹೀಗೆಂದ ಮಾತ್ರಕ್ಕೆ ಶಾರ್ಕ್ ಆಟದ ವಸ್ತುವಲ್ಲ. ಕೆಲವು ದೇಶಗಳಲ್ಲಿ ಪ್ರವಾಸಿಗರ ಹಣದಾಸೆಗೆ ಮೀನಿನ ತುಣುಕುಗಳನ್ನು ಚೆಲ್ಲಿ ಶಾರ್ಕುಗಳನ್ನು ಕರೆಯುವರು. ಮನುಷ್ಯನೆಂದರೆ ಊಟವೆಂಬ ರೂಢಿಯನ್ನು ಆ ಪ್ರಾಣಿಗೆ ಹಚ್ಚುವದು ಇಬ್ಬರಿಗೂ ಕೇಡು. ಇದಕ್ಕಾಗಿಯೇ ಫ್ಲೋರಿಡಾದಲ್ಲಿ ೨೦೦೨ರಿಂದ ಅದನ್ನು ನಿಷೇಧಿಸಿದ್ದಾರೆ. ಮುಂಜಾವು, ಮುಚ್ಚಂಜೆ, ರಾಡಿನೀರು, ಮೀನು ಹಿಡಿಯುವ ಸ್ಥಳ, ಇವುಗಳಲ್ಲಿ ಈಸಬಾರದೆಂಬ ಎಚ್ಚರಿಕೆಯನ್ನು ಅಲ್ಲಿಯವರು ಶಾರ್ಕಿಗಾಗಿ ಹೇಳುವರು. ಮುಚ್ಚಂಜೆಯಲ್ಲಿ ಹೊಳೆಗೆ ಇಳಿಯಬೇಡವೆಂದು ನಮ್ಮ ಹಿರಿಯರು ಮೊಸಳೆಗಾಗಿ ಹೇಳಿದ್ದೂ ಇಂಥ ಮಾತೇ.

ಇನ್ನು ನನ್ನ ತಪ್ಪಿನ ವಿಷಯ. ದೋಣಿಗೆ ಹತ್ತಿದ ಮಗನು ತಾನು ಕಂಡದ್ದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದನು. ಮಗಳು ಸುಮ್ಮನೆ ಕೇಳಿದಳು. ಸಂಜೆ ಬಿಡಾರಕ್ಕೆ ಬಂದ ಮೇಲೆ ಅವಳು ನನ್ನನ್ನು ಕೇಳಿದಳು: “ಅಪ್ಪಾ, ತಮ್ಮಗ ಈಸ ಕಲಿಸಿದಿ. ನನಗ್ಯಾಕ ಕಲಿಸಲಿಲ್ಲ?”

ಅಜ್ಜಿಗೆ ಅಂಜಿಕೆ ಎನ್ನಬೇಕೆಂದೆನು. ಆದರೆ ಆ ಅಂಜಿಕೆಯಿಂದಲೇ ತಮ್ಮನಿಗೆ ಕಲಿಸಿದ್ದೆವಲ್ಲ! ಅವಳೂ ಅವಳ ತಾಯಿಯೂ ಹೊಳೆಗೆ ಅರಿವೆ ಒಗೆಯಲು ಹೋಗುವದುಂಟು, ಜಾತ್ರೆಯಲ್ಲಿ ಸ್ನಾನಕ್ಕಿಳಿಯುವದುಂಟು, ಪೂರ ಬಂದಾಗ ನೀರು ಗಂಡು-ಹೆಣ್ಣೆಂದು ನೋಡಿ ಏರುವದಿಲ್ಲ. ನೀರಿನ ಹತ್ತಿರ ಸುಳಿಯಲೇಬಾರದೆಂಬ ನಮ್ಮ ನಿಯಮವು ಒಂದು ದಿನವೂ ನಡೆದಿರಲಿಲ್ಲ. ಈಸು ಕಲಿಸದಿರುವದು ಮಾತ್ರ ನಡೆದಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ.

ನಾವು ಆಗ ನೋಡುತ್ತಿದ್ದ ಆ ಮುರುಡೇಶ್ವರದ ತೀರದಲ್ಲಿಯೇ ೨೦೨೪ರ ಡಿಸೆಂಬರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ನಾಲ್ವರೂ ನನ್ನ ಮಗಳ ಓರಗೆಯವರು. ಅವರನ್ನು ಒಯ್ದದ್ದು ಶಾರ್ಕ್ ಅಲ್ಲ, ದಂಡೆಯ ತೆರೆಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ೨೦೨೨ರಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ೩೮ ಸಾವಿರಕ್ಕೂ ಹೆಚ್ಚು. ಜಗತ್ತಿನಲ್ಲೆಲ್ಲ ೨೦೨೧ರಲ್ಲಿ ಇಂಥವರು ಸುಮಾರು ೩ ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ಜಗತ್ತಿನ ನಾಲ್ಕು ಸಾವುಗಳಿಗೆ ಅಂಜಿ ನಾವು ಎಂಟು ದಿನ ವಾದಿಸಿದೆವು. ಮನೆಯ ಬಾಗಿಲಿನಲ್ಲಿರುವ ಈ ಗಂಡಾಂತರಕ್ಕೆ ಹದಿನೈದು ವರ್ಷವಾದರೂ ಏನೂ ಮಾಡಿರಲಿಲ್ಲ.

ಊರಿಗೆ ಬಂದು ಈ ಮಾತನ್ನು ತಾಯಿಯವರ ಮುಂದೆ ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ನಾನು ಹೊಲದಿಂದ ಬಂದಾಗ, ಅಟ್ಟದ ಮೇಲಿದ್ದ ಎರಡು ಒಣ ಸೋರೆಬುರುಡೆಗಳನ್ನು ಇಳಿಸಿ ಧೂಳು ಒರೆಸುತ್ತ ಕುಳಿತಿದ್ದರು. ಈಗ ಪ್ರತಿ ರವಿವಾರ ನಮ್ಮ ಹೊಲದ ಬಾವಿಯಲ್ಲಿ ಮಗಳು ಈಸು ಕಲಿಯುತ್ತಿದ್ದಾಳೆ. ನನ್ನ ಮನೆಯಾಕೆಯೂ ಮೂರನೆಯ ವಾರದಿಂದ ಇಳಿದಿದ್ದಾಳೆ. ತಾಯಿಯವರು ಬಾವಿಯ ಪಾವಟಿಗೆಯ ಮೇಲೆ ಹಗ್ಗ ಹಿಡಿದುಕೊಂಡು ಕುಳಿತು ನಮ್ಮೆಲ್ಲರನ್ನೂ ಬೈಯುತ್ತಿರುತ್ತಾರೆ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೇ. ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಈಸನ್ನು ಕಲಿಸಿರಿ. ಬುರುಡೆಯಾಗಲಿ ಡಬ್ಬಿಯಾಗಲಿ ಕಲಿಯುವದಕ್ಕೆ ಸಾಧನವೇ ಹೊರತು ಕಾವಲುಗಾರನಲ್ಲ. ಈಸು ಬಲ್ಲ ದೊಡ್ಡವರು ಕೈಯಳತೆಯಲ್ಲಿರಬೇಕು. ಯಾರಾದರೂ ಮುಳುಗುತ್ತಿದ್ದರೆ ಹಿಂದುಮುಂದು ನೋಡದೆ ಧುಮುಕಬೇಡಿರಿ. ಹಗ್ಗ, ಸೀರೆ, ಕೋಲು, ತುಂಬಿದ ಗಾಳಿಯ ಡಬ್ಬಿ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವ, ಹೊಟ್ಟೆಯನ್ನೊತ್ತಿ ನೀರು ತೆಗೆಯುವ ಹಳೆಯ ಪದ್ಧತಿಗಳನ್ನು ಬಿಟ್ಟುಬಿಡಿರಿ. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿಯಿಟ್ಟು ಉಸಿರು ಕೊಡುವದನ್ನೂ ಎದೆಯನ್ನು ಒತ್ತುವದನ್ನೂ ಮನೆಯಲ್ಲೊಬ್ಬರಾದರೂ ಕಲಿತಿರಬೇಕು.

ಬರುವ ವರ್ಷ ದೈವಾನುಕೂಲವಿದ್ದರೆ ಮತ್ತೆ ನೇತ್ರಾಣಿಗೆ ಹೋಗಬೇಕೆಂದಿದ್ದೇವೆ. ಆಗ ದೋಣಿಯಲ್ಲಿ ಕುಳಿತು ಕಾಯುವವನು ನಾನೇ ಎಂದು ಮಗಳು ಈಗಲೇ ಗೊತ್ತುಮಾಡಿದ್ದಾಳೆ.