ಗ್ರಹಗಳ ನಡುವಣ ದೂರ

ಸೂರ್ಯನಿಂದ ಒಂದೊಂದು ಗ್ರಹಕ್ಕಿರುವ ದೂರವನ್ನು ಒಂದೇ ಅಂಕೆಯಲ್ಲಿ ಬರೆದಿಟ್ಟ ಕೋಷ್ಟಕವನ್ನು ಪಠ್ಯಪುಸ್ತಕದಿಂದ ಕಂಠಪಾಠ ಮಾಡಿದ ಬಾಲಕನು, ಗ್ರಹಗಳೆಲ್ಲ ಹೆದ್ದಾರಿಯ ಮೈಲಿಗಲ್ಲುಗಳಂತೆ ಸಾಲಾಗಿ ನಿಂತಿವೆಯೆಂದೂ, ಒಂದರ ದೂರದಿಂದ ಮತ್ತೊಂದರದನ್ನು ಕಳೆದರೆ ಅವೆರಡರ ಅಂತರವು ದೊರೆಯುವುದೆಂದೂ ಭಾವಿಸಿದನಾದರೆ, ದೋಷವು ಬಾಲಕನದಲ್ಲ, ಕೋಷ್ಟಕದ್ದು.

ಭೂಮಿಯೂ ಮಂಗಳನೂ ಸೂರ್ಯನ ಒಂದೇ ಪಾರ್ಶ್ವದಲ್ಲಿ ಕೂಡಿದಾಗ 5.6 ಕೋಟಿ ಕಿಲೋಮೀಟರಿನಷ್ಟಕ್ಕೆ ಇಳಿಯಬಲ್ಲ ಅಂತರವು, ಅವು ಸೂರ್ಯನ ಇಕ್ಕೆಲಗಳಲ್ಲಿ ಬಿದ್ದಾಗ 40 ಕೋಟಿಯವರೆಗೆ ಹಿಗ್ಗುತ್ತದೆ. ಸುಮಾರು 26 ತಿಂಗಳಿಗೊಮ್ಮೆ ಒದಗುವ ಈ ಸಾಮೀಪ್ಯವಾದರೂ ಪ್ರತಿಸಲವೂ ಒಂದೇ ಅಳತೆಯದಲ್ಲ: 2003ರ ಆಗಸ್ಟಿನಲ್ಲಿ 5.58 ಕೋಟಿಯಿದ್ದದ್ದು 2012ರ ಮಾರ್ಚಿನಲ್ಲಿ 10 ಕೋಟಿಯನ್ನು ಮೀರಿತ್ತು. ಮಂಗಳನ ಕಕ್ಷೆಯು ವೃತ್ತವಲ್ಲ, ದೀರ್ಘವೃತ್ತ. ಟೈಕೋ ಬ್ರಾಹೆಯು ವರ್ಷಾನುವರ್ಷ ಗುರುತಿಸಿಟ್ಟ ಮಂಗಳನ ಸ್ಥಾನಗಳೊಡನೆ ಹೆಣಗಿ ಕೆಪ್ಲರನು 1609ರಲ್ಲಿ ಲೋಕಕ್ಕೆ ಸಾರಿದ ಸತ್ಯವಿದು. ನಮ್ಮ ಪಂಚಾಂಗಗಳು ಕುಜನು, ಅಂದರೆ ಮಂಗಳನು, ವಕ್ರನಾದನೆಂದು ಹೇಳುವ ದಿನಗಳ ನಡುವೆಯೇ ಅವನು ನಮಗೆ ಅತಿ ಸಮೀಪನಾಗಿ, ಕೆಂಡದಂತೆ ಬೆಳಗುತ್ತಾನೆಂಬುದನ್ನು ಎಷ್ಟು ಜನ ಬಲ್ಲರು?

ಭಾರತದ ಮಂಗಳಯಾನ ನೌಕೆಯು ಗುರಿಮುಟ್ಟಿದ 2014ರ ಸೆಪ್ಟೆಂಬರ್ 24ರಂದು ಭೂಮಿಗೆ ಅದರ ಸಂದೇಶವು ಬರಲು ಹನ್ನೆರಡು ನಿಮಿಷಗಳ ಮೇಲಾಯಿತು; ಏಕೆಂದರೆ ಅದೇ ಏಪ್ರಿಲಿನಲ್ಲಿ 9.2 ಕೋಟಿ ಕಿಲೋಮೀಟರು ದೂರದಲ್ಲಿದ್ದ ಮಂಗಳನು ಅಷ್ಟರಲ್ಲಿ 22 ಕೋಟಿಗೂ ಆಚೆ ಸರಿದಿದ್ದನು. ನೌಕೆಯನ್ನು ಕಳಿಸಿದವರು ಗುರಿಯಿಟ್ಟದ್ದು ಮಂಗಳನು ಅಂದು ಇದ್ದ ಎಡೆಗಲ್ಲ, ಹತ್ತು ತಿಂಗಳ ತರುವಾಯ ಅವನು ಬಂದು ಸೇರಲಿದ್ದ ಎಡೆಗೆ.

ಭೂಮಿಗೆ ಅತಿ ಹತ್ತಿರದ ಗ್ರಹವಾವುದೆಂದು ಕೇಳಿದರೆ ಶುಕ್ರನೆಂಬ ಉತ್ತರವು ನಾಲಗೆಯ ತುದಿಯಲ್ಲಿರುತ್ತದೆ. 4 ಕೋಟಿ ಕಿಲೋಮೀಟರಿನ ಸನಿಹಕ್ಕೆ ಬರುವವನು ಅವನೇ ಅಹುದು. ಆದರೆ 26 ಕೋಟಿಯಷ್ಟು ದೂರ ಸರಿದುಹೋಗುವವನೂ ಅವನೇ. ದೀರ್ಘಕಾಲದ ಸರಾಸರಿಯನ್ನು ತೆಗೆದರೆ, ಸೂರ್ಯನ ಮಗ್ಗುಲನ್ನೆಂದೂ ಬಿಡದ ಬುಧನೇ ನಮಗೆ ಹೆಚ್ಚು ನೆರೆಯವನು.

ಆದುದರಿಂದ ಪಠ್ಯಗಳನ್ನು ರಚಿಸುವವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಆ ಕೋಷ್ಟಕಕ್ಕೆ ಭೂಮಿಯಿಂದ ಪ್ರತಿ ಗ್ರಹದ ಕನಿಷ್ಠ ಗರಿಷ್ಠ ದೂರಗಳ ಎರಡು ಅಂಕಣಗಳನ್ನು ಸೇರಿಸಿರಿ. ಉಪಾಧ್ಯಾಯರೇ, 2027ರ ಫೆಬ್ರವರಿಯಲ್ಲಿ ಸೂರ್ಯನು ಮುಳುಗುವ ಹೊತ್ತಿಗೆ ಮೂಡಣದಲ್ಲಿ ಸಿಂಹರಾಶಿಯೊಡನೆ ಮೇಲೇರುವ ಮಂಗಳನನ್ನು ಮಕ್ಕಳಿಗೆ ತೋರಿಸಿರಿ. ಆ ಬಳಿಕ ತಿಂಗಳಿಂದ ತಿಂಗಳಿಗೆ ಅವನ ಕಾಂತಿಯು ಕುಂದುವುದನ್ನು ಅವರೇ ಕಂಡು ಬರೆದಿಡಲಿ.