ಅಗ್ಗದ ಕೂಲಿ, ಕಟ್ಟದ ಕರ



ಹತ್ತಿ, ತೊಗರಿಯ ಸುಗ್ಗಿ ಮುಗಿಯುತ್ತಲೇ ಗಬ್ಬೂರು ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡಿರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಕಟ್ಟೆಯ ಮೇಲೆ ಮುದುಕರು ಉಳಿಯುತ್ತಾರೆ. ರಾಯಚೂರು ಕಡೆಯ ಆಳು ಅಗ್ಗವೆಂದು ಅಲ್ಲಿ ಕಟ್ಟಿಸುವವನಿಗೆ ಸಂತೋಷ. ಅಗ್ಗ ಯಾರಿಗೆ?

ಆಳಿಗೆ ಕೊಡದೆ ಉಳಿಸಿಕೊಂಡ ಹಣದ ಬಾಕಿ ಮತ್ತೊಬ್ಬರ ಖಾತೆಗೆ ಬೀಳುತ್ತದೆ. ಹೊಟ್ಟೆಗೆ ಸಾಲದ ಕೂಲಿ ಕೊಟ್ಟರೆ ಉಳಿದ ಅನ್ನವನ್ನು ಪಡಿತರ ಅಂಗಡಿ ಕೊಡಬೇಕು. ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದವನನ್ನು ಸರಕಾರಿ ಆಸ್ಪತ್ರೆ ನೋಡಬೇಕು, ಆಮೇಲೆ ಊರು ಸಾಕಬೇಕು. ತಂದೆತಾಯಿಯ ಬೆನ್ನುಹತ್ತಿ ಶಾಲೆ ಬಿಟ್ಟ ಮಗು ಮುಂದೆ ತಾನೂ ಅಗ್ಗದ ಆಳೇ ಆಗುತ್ತದೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. ಆ ಹಿಂದುಳಿಕೆ ಮಳೆ ಹೋದದ್ದರಿಂದ ಮಾತ್ರ ಬಂದದ್ದೆಂದು ನಾವು ನಂಬುವುದಿಲ್ಲ.

ದೂರದ ಧಣಿಯನ್ನಷ್ಟೇ ಬೈದರೆ ಸಾಲದು. ಹತ್ತಿ ಬಿಡಿಸಲು ಮಕ್ಕಳ ಕೈ ಅಗ್ಗವೆಂದು ಶಾಲೆಯ ಹೊತ್ತಿನಲ್ಲಿ ಗಾಡಿ ತುಂಬಿ ಒಯ್ಯುವವರು ನಮ್ಮ ಭಕ್ತರಲ್ಲಿಯೂ ಇದ್ದಾರೆ. 14 ವರ್ಷದೊಳಗಿನವರನ್ನು ಯಾವ ಕೂಲಿಗೂ ಹಚ್ಚಬಾರದೆಂದು 2016ರಲ್ಲಿಯೇ ಕಾಯ್ದೆಯಾಗಿದೆ. ಬೆಲೆ ಬಿದ್ದಾಗ ಸಣ್ಣ ರೈತ ಹೆಚ್ಚಿನ ಕೂಲಿ ಎಲ್ಲಿಂದ ತರಬೇಕೆಂದು ಹಿರಿಯರು ಕೇಳುವುದುಂಟು. ಮಾತು ನಿಜ. ಆದರೆ ಹತ್ತಿಯನ್ನು ಅಗ್ಗಕ್ಕೆ ಕೊಂಡವನ ಲಾಭವನ್ನು ಹತ್ತು ವರ್ಷದ ಹುಡುಗಿ ಏಕೆ ತುಂಬಿಕೊಡಬೇಕು?

ಕರದ ಮಾತೂ ಹೀಗೆಯೇ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ವೆಚ್ಚದ ಮೇಲೆ ಶೇಕಡ 1ಕ್ಕೆ ಕಡಿಮೆಯಿಲ್ಲದ ಸುಂಕ ವಿಧಿಸಿತು. ವೆಚ್ಚವನ್ನು ಕಡಿಮೆ ಬರೆಯಿಸಿ ಅದನ್ನು ತಪ್ಪಿಸುವವನು ಬಿದ್ದ ಗೌಂಡಿಯ ಔಷಧದ ಹಣವನ್ನೇ ಕಸಿದಂತೆ. ಹಳ್ಳಿಯಲ್ಲಿ ಮನೆ ಕರ, ನೀರಿನ ಕರ ಕೇಳಲು ಬಂದವನನ್ನು ಸಾಹುಕಾರರು ನಾಳೆ ಬಾ ಎನ್ನುತ್ತಾರೆ. ಚುನಾವಣೆ ಬಂದರಂತೂ ಕರ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಪಂಚಾಯತಿಯ ಮೋಟರು ಸುಟ್ಟರೆ ರಿಪೇರಿಗೆ ಹಣವಿಲ್ಲ. ಸಾಹುಕಾರನ ಹಿತ್ತಲಲ್ಲಿ ಸ್ವಂತ ಬೋರು ಇದೆ. ಆತ ಕಟ್ಟದ ಕರವನ್ನು ಕೂಲಿಯ ಹೆಂಗಸು ಅರ್ಧ ದಿನದ ದುಡಿಮೆ ಬಿಟ್ಟು, ಕೊಡ ಹೊತ್ತು ತೀರಿಸುತ್ತಾಳೆ. ವಸೂಲಾದ ಹಣ ಸೋರಿಹೋಗುತ್ತದೆಂಬ ದೂರು ಸುಳ್ಳಲ್ಲ. ಅದಕ್ಕೆ ಗ್ರಾಮಸಭೆಯಲ್ಲಿ ಕುಳಿತು ಲೆಕ್ಕ ಕೇಳಬೇಕು.

ಆಯ್ದಕ್ಕಿ ಲಕ್ಕಮ್ಮ ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವಳು. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬಾ ಎಂದವಳು. ಹೆಚ್ಚು ತಂದದ್ದನ್ನೇ ಒಪ್ಪದ ಆ ತಾಯಿ, ಆಳಿನ ಪಾಲಿನಿಂದ ಹಿಡಿದುಕೊಂಡದ್ದನ್ನು ಒಪ್ಪಿಯಾಳೆ? ಜಾತ್ರೆಗೆ ಸಾವಿರಗಟ್ಟಲೆ ಕಾಣಿಕೆ ಬರೆಯಿಸುವ ಭಕ್ತರು ಮೊದಲು ಆಳಿನ ಬಾಕಿ ತೀರಿಸಿ ಬರಲಿ. ಮಠಗಳ ಕಟ್ಟಡ ಕೆಲಸಕ್ಕೆ ಬಂದವರಿಗೂ ಸೇವೆಯ ಹೆಸರು ಹೇಳಿ ಕೂಲಿ ಮುರಿಯಬಾರದು. ಶನಿವಾರ ಸಂಜೆಯ ಬಟವಾಡೆ ಶನಿವಾರ ಸಂಜೆಯೇ ಆಗಬೇಕು.